3.10ರಿಂದ 6.8ರವರೆಗೆ ಒಂದೇ ಬೈನರಿ: ಹಳೇ ಕರ್ನಲ್‌ಗಳ ಜೊತೆ ನನ್ನ ಅನುಭವ

ಇಬಿಪಿಎಫ್ (ಬಿಪಿಎಫ್ ಅಂತಲೂ ಕರೆಯುತ್ತಾರೆ) ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಚಿಕ್ಕ ಪ್ರೋಗ್ರಾಮ್ ಓಡಿಸುವ ಸೌಲಭ್ಯ. ಹೋದ ತಿಂಗಳು, ಅದನ್ನು ಬಳಸಿ ಸರ್ವರ್ ಗಮನಿಸುವ ನಮ್ಮ ಟ್ರೇಸಿಂಗ್ ಲೈಬ್ರರಿ ಸೆಂಟ್‌ಓಎಸ್ 7ರ 3.10 ಕರ್ನಲ್‌ನಲ್ಲಿ ಓಡಿತು. ಅದೇ ಬೈನರಿ (ಕಂಪೈಲ್ ಆದ ಫೈಲು) 6.8 ಕರ್ನಲ್‌ನಲ್ಲೂ ಓಡಿತು. ಎರಡು ವರ್ಷದ ಹಿಂದೆ ಈ ಮಾತು ಎತ್ತಿದಾಗ ಟೀಮಿನಲ್ಲಿ ಯಾರೂ ಒಪ್ಪಿರಲಿಲ್ಲ. "5.8ರಿಂದ ಈಚೆಗೆ ಮಾತ್ರ ಸಪೋರ್ಟ್ ಅಂತ ಬರೆದುಬಿಡೋಣ" ಅಂದವರೇ ಜಾಸ್ತಿ. ಆದರೆ ನಮ್ಮ ಗ್ರಾಹಕರ ಮಷೀನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು 4ರ ಸಾಲಿನವು. ಸರ್ವರ್‌ನಲ್ಲಿ ಏನಾಗುತ್ತಿದೆ ಅಂತ ನೋಡಬೇಕಾದ ಗರಜು ಅವರಿಗೇ ಹೆಚ್ಚು, ಅಲ್ವಾ?

ಮೊದಲು ಮಾಡಿದ ತಪ್ಪು ವರ್ಷನ್ ನಂಬರ್ ನಂಬಿದ್ದು. ಯಾವ ಸೌಲಭ್ಯ ಯಾವ ಕರ್ನಲ್‌ನಲ್ಲಿ ಬಂತು ಅಂತ ದೊಡ್ಡ ಟೇಬಲ್ ಮಾಡಿದೆ. ಟ್ರೇಸ್‌ಪಾಯಿಂಟ್‌ಗೆ (ಗಮನಿಸಲೆಂದೇ ಕರ್ನಲ್ ಕೋಡ್‌ನಲ್ಲಿ ಇಟ್ಟಿರುವ ಜಾಗ) 4.7, ರಾ ಟ್ರೇಸ್‌ಪಾಯಿಂಟ್‌ಗೆ 4.17, ಗ್ಲೋಬಲ್ ಡೇಟಾಗೆ 5.2, ಎಫ್‌ಎಂಟ್ರಿಗೆ 5.5, ರಿಂಗ್ ಬಫರ್‌ಗೆ (ಇವೆಂಟ್‌ಗಳನ್ನು ಕರ್ನಲ್‌ನಿಂದ ಹೊರಗೆ ಕಳಿಸುವ ಬಫರ್) 5.8. ಮೂರು ತಿಂಗಳು ಅದರ ಮೇಲೇ ಕೋಡ್ ಕಟ್ಟಿದೆ. ಎಲ್ಲಾ ವ್ಯರ್ಥ. ಮೂಲ 3.10ರಲ್ಲಿ ಬಿಪಿಎಫ್ ಸಿಸ್ಟಮ್ ಕಾಲೇ (ಪ್ರೋಗ್ರಾಮ್ ಲೋಡ್ ಮಾಡಲು ಕರ್ನಲ್‌ಗೆ ಕೊಡುವ ಕರೆ) ಇಲ್ಲ, ಅದು ಬಂದಿದ್ದು 3.18ರಲ್ಲಿ. ಆದರೆ ರೆಡ್ ಹ್ಯಾಟ್‌ನವರು (ಸೆಂಟ್‌ಓಎಸ್ ಇವರ ಲಿನಕ್ಸ್‌ನ ಉಚಿತ ರೂಪ) 7.6ರಲ್ಲಿ ಅದನ್ನು ತಮ್ಮ 3.10ಕ್ಕೆ ತಂದು ಸೇರಿಸಿದ್ದಾರೆ. ಅವರ 8ರ ಸಾಲಿನ ಕರ್ನಲ್ ಹೆಸರಿಗೆ 4.18, ಒಳಗೆ ನೋಡಿದರೆ ಬಿಟಿಎಫ್ (ಕರ್ನಲ್‌ನ ಸ್ಟ್ರಕ್ಟ್‌ಗಳಲ್ಲಿ, ಅಂದರೆ ಡೇಟಾ ರಚನೆಗಳಲ್ಲಿ, ಯಾವ ಫೀಲ್ಡ್ ಎಲ್ಲಿದೆ ಅಂತ ಹೇಳುವ ಮಾಹಿತಿ) ಇದೆ.

ಟೇಬಲ್ ಕಿತ್ತುಹಾಕಿದೆ. ಈಗ ಲೈಬ್ರರಿ ಶುರುವಾದಾಗ ಪ್ರತಿ ಸೌಲಭ್ಯಕ್ಕೂ ಎರಡು ಮೂರು ಇನ್‌ಸ್ಟ್ರಕ್ಷನ್‌ನ ಚಿಕ್ಕ ಪ್ರೋಗ್ರಾಮ್ ಲೋಡ್ ಮಾಡಿ ನೋಡುತ್ತದೆ. ಆಯಿತು ಅಂದರೆ ಇದೆ, ಆಗಲಿಲ್ಲ ಅಂದರೆ ಇಲ್ಲ. ಯಾವುದನ್ನು ಮೊದಲು ಕೇಳಬೇಕು, ಯಾವ ಉತ್ತರ ಸಿಕ್ಕರೆ ಯಾವ ಪ್ರಶ್ನೆ ಬಿಡಬಹುದು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಐದಾರು ವಾರ ಸುರಿದಿದ್ದೇನೆ. ಇಡೀ ಪರೀಕ್ಷೆ 40 ಮಿಲಿಸೆಕೆಂಡ್ ಒಳಗೆ ಮುಗಿಯುತ್ತದೆ ಅಂತ ಮಾತ್ರ ಹೇಳುತ್ತೇನೆ.

ಈ ಪರೀಕ್ಷೆಯೂ ಮೊದಲಿಗೆ ಸುಳ್ಳು ಹೇಳಿತು. ರೂಟ್ (ಪೂರ್ತಿ ಅಧಿಕಾರದ ಬಳಕೆದಾರ) ಆಗಿದ್ದರೂ 'ಅನುಮತಿ ಇಲ್ಲ' ಅನ್ನುವ ಎರರ್. ಎರಡು ದಿನ ಎಸ್‌ಇಲಿನಕ್ಸ್ (ಲಿನಕ್ಸ್‌ನ ಭದ್ರತಾ ಪದರ) ಹಿಂದೆ ಬಿದ್ದೆ. ಕಾರಣ ಮೆಮ್‌ಲಾಕ್ ಮಿತಿ, ಅಂದರೆ ಒಂದು ಪ್ರೊಸೆಸ್ ಲಾಕ್ ಮಾಡಿಡಬಹುದಾದ ಮೆಮೊರಿಯ ಮಿತಿ. 5.11ಕ್ಕಿಂತ ಮೊದಲು ಮ್ಯಾಪ್‌ಗಳ (ಬಿಪಿಎಫ್ ಡೇಟಾ ಇಡುವ ಜಾಗ) ಲೆಕ್ಕ ಅದರಲ್ಲೇ ಬರುತ್ತಿತ್ತು, ಡೀಫಾಲ್ಟ್ ಬರೀ 64 ಕೆಬಿ. ಮಿತಿ ಎತ್ತಿದ ಮೇಲೆ ಸರಿಹೋಯಿತು.

ಅದಕ್ಕಿಂತ ನೋವು ಕೊಟ್ಟಿದ್ದು ಉಬುಂಟು 18.04. ಕೆಪ್ರೋಬ್ (ಕರ್ನಲ್ ಫಂಕ್ಷನ್‌ಗೆ ಹಾಕುವ ಕೊಕ್ಕೆ) ಪ್ರೋಗ್ರಾಮ್ ಲೋಡ್ ಮಾಡುವಾಗ ಕರ್ನಲ್ ವರ್ಷನ್ ಸರಿಯಾಗಿ ಕೊಡಬೇಕು ಅನ್ನುವ ನಿಯಮ 5.0ರಲ್ಲಿ ಹೋಯಿತು. ಹಳೆಯದರಲ್ಲಿ ಇದೆ. ಯುನೇಮ್ (ಕರ್ನಲ್ ವರ್ಷನ್ ತೋರಿಸುವ ಕಮಾಂಡ್) 4.15.0 ಅನ್ನುತ್ತದೆ, ಒಳಗಿರುವುದು 4.15.18. ಹೊಂದಲಿಲ್ಲ ಅಂದರೆ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಅಷ್ಟೇ. ವೆರಿಫೈಯರ್ (ಪ್ರೋಗ್ರಾಮ್ ಸುರಕ್ಷಿತವೇ ಅಂತ ನೋಡುವ ಕರ್ನಲ್ ಭಾಗ) ಲಾಗ್ ಖಾಲಿ, ಯಾಕೆಂದರೆ ಮಾತು ವೆರಿಫೈಯರ್‌ವರೆಗೂ ಹೋಗಿಯೇ ಇಲ್ಲ. ನಿಜವಾದ ನಂಬರ್ ಪ್ರಾಕ್ (/proc) ಫೋಲ್ಡರ್ ಒಳಗಿನ ವರ್ಷನ್ ಸಿಗ್ನೇಚರ್ ಫೈಲಿನಲ್ಲಿ ಸಿಗುತ್ತದೆ. 4.14ರ ಸಾಲಿನಲ್ಲಿ ಇನ್ನೊಂದು ಕಥೆ. ಕೊನೆಯ ನಂಬರ್ 255 ದಾಟಿದ ಮೇಲೂ ಕರ್ನಲ್ ತನ್ನ ವರ್ಷನ್ ಕೋಡ್‌ನಲ್ಲಿ 255ಕ್ಕೇ ನಿಲ್ಲಿಸುತ್ತದೆ. ನಾವೂ ಅಲ್ಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಅದು ಪಕ್ಕದ ಬೈಟ್‌ಗೆ ಉಕ್ಕಿ 4.15 ಆಗುತ್ತದೆ.

ಬಿಪಿಎಫ್ ಪ್ರೋಗ್ರಾಮ್ ಗಾತ್ರಕ್ಕೂ ಮಿತಿ ಇದೆ. 5.2ಕ್ಕಿಂತ ಮೊದಲು 4096 ಇನ್‌ಸ್ಟ್ರಕ್ಷನ್. ನನ್ನದು 9 ಸಾವಿರದ ಹತ್ತಿರ ಇತ್ತು. ಟೇಲ್ ಕಾಲ್ (ಒಂದು ಪ್ರೋಗ್ರಾಮ್‌ನಿಂದ ಇನ್ನೊಂದಕ್ಕೆ ಜಿಗಿಯುವುದು) ಹಾಕಿ ಮೂರು ತುಂಡು ಮಾಡಿದೆ. ಲೂಪ್‌ಗಳನ್ನೆಲ್ಲ ಬಿಚ್ಚಿದೆ.

ಹಣ ಹೋಗಿದ್ದು ಟೆಸ್ಟಿಂಗ್‌ನಲ್ಲಿ. ಶುರುವಿನಲ್ಲಿ ಪ್ರತಿ ಡಿಸ್ಟ್ರೋಗೂ (ಉಬುಂಟು, ಸೆಂಟ್‌ಓಎಸ್ ತರಹದ ಲಿನಕ್ಸ್ ರೂಪ) ಕ್ಲೌಡ್‌ನಲ್ಲಿ ಒಂದು ಮಷೀನ್ ಇಟ್ಟಿದ್ದೆ. ತಿಂಗಳಿಗೆ 14 ಸಾವಿರದ ಆಸುಪಾಸು ಬಿಲ್, ನಾಲ್ಕು ತಿಂಗಳು ಕಟ್ಟಿದೆವು. ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 22 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಂದು ಕ್ಯೂಎಮು (ಒಂದೇ ಮಷೀನ್‌ನಲ್ಲಿ ವರ್ಚುವಲ್ ಮಷೀನ್‌ಗಳನ್ನು ಓಡಿಸುವ ಸಾಫ್ಟ್‌ವೇರ್) ಹಾಕಿದೆ. ಮೂವತ್ತು ಕರ್ನಲ್ ಬೂಟ್ ಮಾಡಿ ಟೆಸ್ಟ್ ಮುಗಿಸಲು 12 ನಿಮಿಷ ಸಾಕು. ಎರಡು ತಿಂಗಳೊಳಗೆ ಅದರ ದುಡ್ಡು ವಾಪಸ್ ಬಂತು.

ಬಿಟಿಎಫ್ ಇಲ್ಲದ ಕರ್ನಲ್‌ಗಳಿಗೆ ಡೀಬಗ್ ಪ್ಯಾಕೇಜ್ ಇಳಿಸಿ, ಪಾಹೋಲ್ ಅನ್ನುವ ಟೂಲ್‌ನಿಂದ ಬಿಟಿಎಫ್ ಮಾಡಿಕೊಂಡೆ. ಒಂದೊಂದು ಪ್ಯಾಕೇಜ್ 500 ಎಂಬಿ ಹತ್ತಿರ, ಸುಮಾರು 300 ಕರ್ನಲ್. ಇದಕ್ಕೆಂದೇ ಒಂದು ಹಾರ್ಡ್ ಡಿಸ್ಕ್ ಕೊಂಡೆ. ಎಷ್ಟೋ ಕರ್ನಲ್‌ಗಳ ಫೈಲುಗಳು ಬಿಟಿಎಫ್‌ಹಬ್ ಅನ್ನುವ ಸಾರ್ವಜನಿಕ ಸಂಗ್ರಹದಲ್ಲೇ ಸಿದ್ಧ ಇವೆ, ಅದು ಗೊತ್ತಾಗುವಷ್ಟರಲ್ಲಿ ಅರ್ಧ ಕೆಲಸ ಮುಗಿದಿತ್ತು. ಪೂರ್ತಿ ಬಿಟಿಎಫ್ ಒಂದಕ್ಕೆ ನಾಲ್ಕೈದು ಎಂಬಿ. ಬಿಪಿಎಫ್‌ಟೂಲ್‌ನಿಂದ ನಮಗೆ ಬೇಕಾದ ಸ್ಟ್ರಕ್ಟ್‌ಗಳನ್ನಷ್ಟೇ ಉಳಿಸಿಕೊಂಡರೆ ಕೆಲವೇ ಕೆಬಿ. 300 ಕರ್ನಲ್‌ನ ಮಾಹಿತಿಯೆಲ್ಲ ಸೇರಿ ಬೈನರಿಗೆ 3 ಎಂಬಿ ಸಹ ಹೆಚ್ಚಾಗಲಿಲ್ಲ. ಇದರ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆ ಇದೆ.

ಒಂದು ಮಾತು. ಲಾಗ್‌ನಲ್ಲಿ 195896080 ಅನ್ನುವ ಗೊತ್ತಿಲ್ಲದ ಫಂಕ್ಷನ್ ಅಂತ ಬಂದರೆ ಹೆದರಬೇಡಿ. ನಾವು ಕೇಳಿದ ಫೀಲ್ಡ್ ಈ ಕರ್ನಲ್‌ನಲ್ಲಿ ಇಲ್ಲ ಅಂತ ಲಿಬ್‌ಬಿಪಿಎಫ್ (ಬಿಪಿಎಫ್ ಪ್ರೋಗ್ರಾಮ್ ಲೋಡ್ ಮಾಡುವ ಲೈಬ್ರರಿ) ಇಟ್ಟ ಗುರುತು ಅದು. 5.14ರಲ್ಲಿ ಟಾಸ್ಕ್ ಸ್ಟ್ರಕ್ಟ್‌ನ (ಪ್ರತಿ ಪ್ರೊಸೆಸ್‌ನ ವಿವರ ಇಡುವ ಕರ್ನಲ್ ರಚನೆ) 'ಸ್ಟೇಟ್' ಫೀಲ್ಡ್ ಹೆಸರು ಬದಲಾದಾಗ ನಾನು ಮೊದಲ ಸಲ ಅದನ್ನು ಕಂಡೆ.

ಒಬ್ಬ ಗ್ರಾಹಕರು ಕರ್ನಲ್ ತಾವೇ ಕಂಪೈಲ್ ಮಾಡಿಕೊಂಡಿದ್ದರು. ಡೀಬಗ್ ಮಾಹಿತಿ ಎಲ್ಲೂ ಇಲ್ಲ. ಅಲ್ಲಿ ಸುಮ್ನೆ ಒಂದು ಪ್ರಯೋಗ ಮಾಡಿದೆ. ನಮ್ಮ ಪ್ರೊಸೆಸ್‌ಗೆ 15 ಅಕ್ಷರದ ವಿಚಿತ್ರ ಹೆಸರಿಟ್ಟು, ಕೆಪ್ರೋಬ್ ಒಳಗಿಂದ ಟಾಸ್ಕ್ ಸ್ಟ್ರಕ್ಟ್‌ನಲ್ಲಿ ಎಂಟೆಂಟು ಬೈಟ್ ಜರುಗುತ್ತಾ ಆ ಹೆಸರು ಹುಡುಕಿದೆ. ಸಿಕ್ಕಿತು! ಪೇರೆಂಟ್ ಪಾಯಿಂಟರ್ (ಈ ಪ್ರೊಸೆಸ್ ಹುಟ್ಟಿಸಿದ ಪ್ರೊಸೆಸ್‌ನ ವಿಳಾಸ) ಹುಡುಕುವುದು ಇನ್ನೂ ಕಷ್ಟ. ಅದಕ್ಕೆ ಬೇರೆ ಉಪಾಯ ಇದೆ, ಸದ್ಯಕ್ಕೆ ನನ್ನಲ್ಲೇ ಇರಲಿ.

ರಿಂಗ್ ಬಫರ್ ಇಲ್ಲದ ಹಳೇ ಕರ್ನಲ್‌ಗಳಲ್ಲಿ ಅದರ ಬದಲು ಪರ್ಫ್ ಬಫರ್. ಸಿಪಿಯುಗೆ ಒಂದು ಬಫರ್ ಆದ್ದರಿಂದ ಇವೆಂಟ್‌ಗಳು ಹಿಂದುಮುಂದಾಗಿ ಬರುತ್ತವೆ. ಟೈಮ್‌ಸ್ಟ್ಯಾಂಪ್ ನೋಡಿ ನಾವೇ ಜೋಡಿಸಬೇಕು. 256 ಕೆಬಿಯಂತೆ 96 ಸಿಪಿಯು ಮಷೀನ್‌ನಲ್ಲಿ 24 ಎಂಬಿ ಹೋಗುತ್ತದೆ. ಗ್ರಾಹಕರಿಗೆ ಇದನ್ನು ಮೊದಲೇ ಹೇಳಿಬಿಡಿ.

ಇನ್ನೂ ಉಳಿದಿರುವುದು ಉಬುಂಟು 16.04ರ 4.4. ಟ್ರೇಸ್‌ಪಾಯಿಂಟ್ ಇಲ್ಲ, ಟಾಸ್ಕ್ ಪಾಯಿಂಟರ್ ಕೊಡುವ ಹೆಲ್ಪರ್ (ಬಿಪಿಎಫ್ ಪ್ರೋಗ್ರಾಮ್ ಕರೆಯಬಹುದಾದ ಕರ್ನಲ್ ಫಂಕ್ಷನ್) ಕೂಡ ಇಲ್ಲ, ಅದು ಬಂದಿದ್ದು 4.8ರಲ್ಲಿ. ನಂಬರ್ ನೋಡಿದರೆ 3.10ಕ್ಕಿಂತ ಹೊಸದು, ಆದರೂ ಅಲ್ಲಿ ಈಗ ಬರುತ್ತಿರುವುದು ಪಿಐಡಿ (ಪ್ರೊಸೆಸ್ ನಂಬರ್) ಮತ್ತು ಪ್ರೊಸೆಸ್ ಹೆಸರು ಮಾತ್ರ. ಈ ವಾರ ಅದರ ಮೇಲೇ ಕೂತಿದ್ದೇನೆ.