ಕತ್ತಲಲ್ಲಿ ಟಾರ್ಚ್ ಹಿಡಿದು ಬರೆಯುವ ಫೋಟೊ

ಕತ್ತಲಲ್ಲಿ ಕ್ಯಾಮೆರಾದ ಎದುರು ಟಾರ್ಚ್ ಆಡಿಸಿ ಫೋಟೊದಲ್ಲಿ ಬೆಳಕಿನ ಗೆರೆ ಮೂಡಿಸುವ ಲೈಟ್ ಪೇಂಟಿಂಗ್‌ಗೆ ಕೈಹಾಕಿದವರು ಮೊದಲು ಎಡವುವುದು ಶಟರ್ (ಬೆಳಕನ್ನು ಒಳಬಿಡುವ ಪರದೆ) ತೆರೆದಿರುವ ಸಮಯದ ವಿಷಯದಲ್ಲಿ. ಟಾರ್ಚಿನ ಗೆರೆ ಮಂಕಾಯಿತೆಂದು 10 ಸೆಕೆಂಡನ್ನು 30ಕ್ಕೆ ಏರಿಸುತ್ತಾರೆ. ಗೆರೆ ಅಷ್ಟೇ ಮಂಕಾಗಿರುತ್ತದೆ, ಹಿಂದಿನ ಗೋಡೆ ಮಾತ್ರ ಬೆಳ್ಳಗಾಗುತ್ತದೆ. ಚಲಿಸುವ ಟಾರ್ಚಿನ ಬೆಳಕು ಸೆನ್ಸರಿನ (ಬೆಳಕನ್ನು ಹಿಡಿಯುವ ಫಲಕದ) ಒಂದೊಂದು ಬಿಂದುವಿನ ಮೇಲೂ ಕ್ಷಣಮಾತ್ರ ಬಿದ್ದು ಮುಂದೆ ಸರಿಯುತ್ತದೆ; ಆಮೇಲೆ ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಆ ಬಿಂದುವಿಗೆ ಅದು ಮತ್ತೆ ಸಿಗುವುದಿಲ್ಲ. ಹಾಗಾಗಿ ಗೆರೆಯ ಹೊಳಪನ್ನು ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಮತ್ತು ಕೈಯ ವೇಗದಿಂದ ಹೊಂದಿಸಿಕೊಳ್ಳಬೇಕು. ಹಿನ್ನೆಲೆಗೆ ಮಾತ್ರ ಶಟರ್ ಸಮಯವೂ ಲೆಕ್ಕಕ್ಕೆ ಬರುತ್ತದೆ.

ಬೇಕಾಗುವುದು ಮ್ಯಾನ್ಯುಯಲ್ ಮೋಡ್ ಇರುವ ಕ್ಯಾಮೆರಾ, ಅಲುಗಾಡದ ಟ್ರೈಪಾಡ್, ಚಿಕ್ಕ ಎಲ್‌ಇಡಿ ಟಾರ್ಚ್, ಕಪ್ಪು ಇನ್ಸುಲೇಷನ್ ಟೇಪ್, ಗೆರೆಗೆ ಬಣ್ಣ ಬೇಕಿದ್ದರೆ ಟಾರ್ಚಿನ ಬಾಯಿಗೆ ಕಟ್ಟಲು ಬಣ್ಣದ ಜಿಲೆಟಿನ್ ಹಾಳೆ. ಬೀದಿದೀಪ ನೇರವಾಗಿ ಬೀಳದ ತಾರಸಿ ಅಥವಾ ಹಿತ್ತಲು ಸಾಕು.

ಐಎಸ್‌ಒ 100, ಅಪರ್ಚರ್ ಎಫ್/8, ಶಟರ್ 20 ಸೆಕೆಂಡ್‌ಗೆ ಇಟ್ಟು, ಟಾರ್ಚ್ ಹಚ್ಚದೆ ಒಂದು ಫೋಟೊ ತೆಗೆಯಿರಿ. ಹಿನ್ನೆಲೆ ಮಸುಕಾಗಿ, ಇದೆಯೋ ಇಲ್ಲವೋ ಎಂಬಷ್ಟು ಕಂಡರೆ ಸರಿ. ಬೆಳ್ಳಗಾದರೆ ಸಮಯವನ್ನು 10 ಸೆಕೆಂಡಿಗೆ ಇಳಿಸಿ. ನಂತರ ನೀವು ನಿಲ್ಲುವ ಜಾಗದಲ್ಲಿ ಟಾರ್ಚ್ ಹಚ್ಚಿಟ್ಟು ಅದರ ಮೇಲೆ ಆಟೊಫೋಕಸ್ ಮಾಡಿ, ತಕ್ಷಣ ಮ್ಯಾನ್ಯುಯಲ್ ಫೋಕಸ್‌ಗೆ ಬದಲಾಯಿಸಿ. ಇದನ್ನು ಮರೆತರೆ ಕತ್ತಲಲ್ಲಿ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ, ಶಟರ್ ಬೀಳುವುದೇ ಇಲ್ಲ. ಟ್ರೈಪಾಡ್ ಮೇಲಿರುವಾಗ ಸ್ಟೆಬಿಲೈಸೇಷನ್ (ಕೈನಡುಕ ಸರಿಪಡಿಸುವ ಸೌಲಭ್ಯ) ಆಫ್ ಇರಲಿ. ಬಟನ್ ಒತ್ತಿದ ಅಲುಗಾಟ ಫೋಟೊದಲ್ಲಿ ಬರದಂತೆ 2 ಸೆಕೆಂಡಿನ ಟೈಮರ್ ಹಾಕಿ. ಒಬ್ಬರೇ ಇದ್ದರೆ 10 ಸೆಕೆಂಡ್.

ಮೊಬೈಲಿನಲ್ಲಾದರೆ ನೈಟ್ ಮೋಡ್ ಬೇಡ. ಅದು ಹಲವು ಚಿಕ್ಕ ಎಕ್ಸ್‌ಪೋಶರ್‌ಗಳನ್ನು ಜೋಡಿಸುವಾಗ ಗೆರೆಯನ್ನು ತುಂಡರಿಸಬಹುದು, ಅಳಿಸಿಯೂ ಬಿಡಬಹುದು. ಪ್ರೊ ಮೋಡ್‌ನಲ್ಲಿ ಐಎಸ್‌ಒವನ್ನು ತೀರ ಕೆಳಗಿಟ್ಟು ಶಟರ್ 10 ಸೆಕೆಂಡ್ ಕೊಡಿ. ಹೆಚ್ಚಿನ ಮೊಬೈಲ್‌ಗಳಲ್ಲಿ ಅಪರ್ಚರ್ ಬದಲಿಸಲು ಬರುವುದಿಲ್ಲ. ಗೆರೆ ಸುಟ್ಟಂತೆ ಬೆಳ್ಳಗೆ ಬಂದರೆ ಟಾರ್ಚಿನ ಬಾಯಿಗೆ ಎರಡು ಪದರ ಬಟರ್ ಪೇಪರ್ ಕಟ್ಟಿ.

ಹೆಸರು ಬರೆಯುವುದು

ಕ್ಯಾಮೆರಾದಿಂದ ಮೂರು ನಾಲ್ಕು ಮೀಟರ್ ದೂರದಲ್ಲಿ, ಅದಕ್ಕೆ ಮುಖಮಾಡಿ ನಿಲ್ಲಿ. ಕಪ್ಪು ತುಂಬುತೋಳಿನ ಅಂಗಿಯಿರಲಿ. ಟಾರ್ಚಿನ ಬಾಯಿಯ ಸುತ್ತ ಟೇಪನ್ನು ಒಂದಿಂಚು ಮುಂದಕ್ಕೆ ಚಾಚಿ ಸುತ್ತಿದರೆ ಬೆಳಕು ನಿಮ್ಮ ಕೈಮುಖಕ್ಕೆ ಸಿಡಿಯುವುದಿಲ್ಲ. ಸಿಡಿದರೆ ಫೋಟೊದಲ್ಲಿ ದೆವ್ವದಂಥ ನೆರಳು ಖಚಿತ. ಟಾರ್ಚನ್ನು ಸದಾ ಲೆನ್ಸಿನ ಕಡೆಗೇ ತಿರುಗಿಸಿಟ್ಟು ಒಂದೂವರೆ ಅಡಿ ಎತ್ತರದ ಅಕ್ಷರ ಬರೆಯಿರಿ. ಒಂದು ಅಕ್ಷರ ಮುಗಿದೊಡನೆ ಅಂಗೈಯಿಂದ ಬೆಳಕು ಮುಚ್ಚಿ, ಪಕ್ಕಕ್ಕೆ ಒಂದು ಹೆಜ್ಜೆ ಸರಿದು, ಮತ್ತೆ ತೆರೆಯಿರಿ. ಕನ್ನಡದ ದುಂಡು ಅಕ್ಷರಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ, ಕಷ್ಟ ಕೊಡುವುದು ಒತ್ತಕ್ಷರ. ಹೆಸರಿನಲ್ಲಿ ಅದಿದ್ದರೆ ಸೊಂಟದ ಕೆಳಗೂ ಜಾಗ ಸಿಗುವಂತೆ ಫ್ರೇಮ್ ಮಾಡಿಕೊಳ್ಳಿ. ಮೂಲೆಯಲ್ಲಿ ಕೈ ನಿಂತರೆ ಅಲ್ಲೊಂದು ಬಿಳಿ ಗಂಟು ಮೂಡುತ್ತದೆ, ಆದ್ದರಿಂದ ವೇಗ ಒಂದೇ ಸಮನಾಗಿರಲಿ.

ಫೋಟೊದಲ್ಲಿ ಬರಹ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ತಿರುಗುಮುರುಗಾಗಿ ಬರೆಯಲು ಹೆಣಗುವ ಬದಲು ಆಮೇಲೆ ಫೋಟೊವನ್ನೇ ಅಡ್ಡಕ್ಕೆ ಫ್ಲಿಪ್ ಮಾಡಿ. ಹಿಂದೆ ಬೋರ್ಡು, ನಂಬರ್ ಪ್ಲೇಟು ಇಲ್ಲದಿದ್ದರೆ ಸಾಕು.

ದೀಪಾವಳಿಯ ಸುರ್‌ಸುರ್ ಬತ್ತಿಯಿಂದಲೂ ಬರೆಯಬಹುದು. ಅದನ್ನು ಅಂಗೈಯಿಂದ ಮುಚ್ಚಲಾಗದು. ಅಕ್ಷರ ಮುಗಿದಾಗ ಇನ್ನೊಬ್ಬರು ಲೆನ್ಸಿನ ಮುಂದೆ, ತಾಗದಂತೆ, ಕಪ್ಪು ರಟ್ಟು ಹಿಡಿಯಲಿ. ಕಿಡಿ ಹಾರುವುದರಿಂದ ನೈಲಾನ್ ಬಟ್ಟೆ ಬೇಡ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ.

ಬರೆಯುವವರೂ ಸ್ಪಷ್ಟವಾಗಿ ಕಾಣಬೇಕಿದ್ದರೆ ಫ್ಲ್ಯಾಶ್ ಬೇಕು. 1949ರಲ್ಲಿ ಅಮೆರಿಕದ ಲೈಫ್ ಪತ್ರಿಕೆಗಾಗಿ ಛಾಯಾಗ್ರಾಹಕ ಜಾನ್ ಮಿಲಿ ತೆಗೆದ ಚಿತ್ರಗಳಲ್ಲಿ ಚಿತ್ರಕಲಾವಿದ ಪಿಕಾಸೊ ಗಾಳಿಯಲ್ಲಿ ಎಳೆದ ಗೆರೆಗಳ ಜೊತೆ ತಾನೂ ಕಾಣಿಸುವುದು ಹೀಗೆಯೇ. ರಿಯರ್ ಕರ್ಟನ್ ಆಯ್ಕೆ ಮಾಡಿದರೆ ಫ್ಲ್ಯಾಶ್ ಕೊನೆಯಲ್ಲಿ ಬೆಳಗುತ್ತದೆ. ಬರೆದು ಮುಗಿಸಿ, ಟಾರ್ಚ್ ಆರಿಸಿ, ಅಲುಗದೆ ನಿಲ್ಲಿ.

ಬೆಳಕಿನ ಚೆಂಡು

ಎರಡಡಿ ದಾರದ ತುದಿಗೆ ಸಣ್ಣ ಎಲ್‌ಇಡಿ ದೀಪವನ್ನು ಬಿಗಿಯಾಗಿ ಕಟ್ಟಿ. ನೆಲದಲ್ಲಿ ಒಂದು ನಾಣ್ಯ ಇಟ್ಟು ಗುರುತು ಮಾಡಿಕೊಳ್ಳಿ. ದೀಪವನ್ನು ನೆಟ್ಟಗೆ ಚಕ್ರದಂತೆ ತಿರುಗಿಸುತ್ತ, ಪ್ರತಿ ಸುತ್ತಿನ ತಳ ಆ ನಾಣ್ಯದ ಮೇಲೇ ಬರುವಂತೆ ನೋಡಿಕೊಂಡು, ನೀವು ನಾಣ್ಯದ ಸುತ್ತ ಸಣ್ಣ ಹೆಜ್ಜೆಯಲ್ಲಿ ನಡೆಯಿರಿ. ಅರ್ಧ ಪ್ರದಕ್ಷಿಣೆಗೇ ಚೆಂಡು ಪೂರ್ತಿಯಾಗುತ್ತದೆ. ಇದಕ್ಕೆ 30 ಸೆಕೆಂಡ್ ಬೇಕು, ಕೆಲವರಿಗೆ ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿಡುವ ಬಲ್ಬ್ ಮೋಡೇ ಬೇಕಾದೀತು. ಚೆಂಡು ಕುಂಬಳಕಾಯಿಯಂತೆ ಸೊಟ್ಟಗಾದರೆ ತಿರುಗಿಸುವ ಕೈ ಮೇಲೆ ಕೆಳಗೆ ಹೋಗಿದೆ ಎಂದರ್ಥ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಿರಿ. ಗೆರೆ ಚುಕ್ಕಿ ಚುಕ್ಕಿಯಾಗಿ ಬಂದರೆ ತಪ್ಪು ನಿಮ್ಮದಲ್ಲ: ಅನೇಕ ಎಲ್‌ಇಡಿಗಳು ಮಂದ ಬೆಳಕಿನಲ್ಲಿ ಕಣ್ಣಿಗೆ ಕಾಣದಷ್ಟು ಬೇಗ ಹತ್ತಿ ಆರುತ್ತಿರುತ್ತವೆ. ಪೂರ್ಣ ಪ್ರಕಾಶಕ್ಕೆ ಇಟ್ಟು ಅಪರ್ಚರನ್ನು ಎಫ್/11ಕ್ಕೆ ಕಿರಿದು ಮಾಡಿ.

ಸ್ಟೀಲ್ ವುಲ್ (ಉಕ್ಕಿನ ಸಣ್ಣ ಎಳೆಗಳ ಉಂಡೆ) ಸುಟ್ಟು ತಿರುಗಿಸುವ ಚಿತ್ರಗಳು ಸೊಗಸು, ನಿಜ. ಆದರೆ ಅದು ಉರಿಯುವ ಕಬ್ಬಿಣ. ತಾರಸಿಯಲ್ಲಿ, ಒಣಹುಲ್ಲಿನ ಬಳಿ ಬೇಡವೇ ಬೇಡ.

30 ಸೆಕೆಂಡಿನ ಫೋಟೊ ಮುಗಿದ ಮೇಲೂ ಕ್ಯಾಮೆರಾ ಇನ್ನೊಂದು 30 ಸೆಕೆಂಡ್ ಸುಮ್ಮನಿದ್ದರೆ ಕೆಟ್ಟಿದೆ ಎಂದು ಬ್ಯಾಟರಿ ಕೀಳಬೇಡಿ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಇದ್ದಾಗ ಅದು ಶಟರ್ ಮುಚ್ಚಿಕೊಂಡೇ ಅಷ್ಟೇ ಹೊತ್ತಿನ ಕಪ್ಪು ಫೋಟೊ ತೆಗೆದು, ಸೆನ್ಸರಿನ ಬಣ್ಣದ ಚುಕ್ಕಿಗಳನ್ನು ಕಳೆಯುತ್ತದೆ. ಅಭ್ಯಾಸ ಮಾಡುವಾಗ ಆಫ್ ಮಾಡಿಟ್ಟುಕೊಂಡು, ಕೈ ಕುದುರಿದ ಮೇಲೆ ಆನ್ ಮಾಡಿ.