ಇಸಿನೊಫಿಲ್ ಎಣಿಸುವ ಮೊದಲು ವಯಸ್ಸು ಕೇಳುತ್ತೇನೆ

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಲ್ಯಾಬ್ ಇದೆ. ರಿಪೋರ್ಟಿನಲ್ಲಿ ಹೆಸರಿನ ಪಕ್ಕ ವಯಸ್ಸು ಬರೆಯುವುದು ಸುಮ್ನೆ ಗುರುತಿಗೆ ಅಂತ ಬಹಳ ದಿನ ಅಂದುಕೊಂಡಿದ್ದೆ.

ಜೇವರ್ಗಿ ಕಡೆಯ ಒಬ್ಬ ಮುತ್ಯಾ ಬಂದಿದ್ದರು. ಎಪ್ಪತ್ತು ದಾಟಿತ್ತು. ಜೀವನವಿಡೀ ಬರಿಗಾಲಲ್ಲಿ ಹೊಲ ಮಾಡಿದವರು. ದಮ್ಮು, ಆಗಾಗ ಹೊಟ್ಟೆನೋವು. ಹುಳು, ಅಲರ್ಜಿ ಇದ್ದಾಗ ಏರುವ ಒಂದು ಬಗೆಯ ಬಿಳಿ ರಕ್ತಕಣವೇ ಇಸಿನೊಫಿಲ್. ಬಿಳಿ ರಕ್ತಕಣಗಳಲ್ಲಿ ಅದು ನೂರಕ್ಕೆ 4 ಇತ್ತು. ಮಲದಲ್ಲಿ ಏನೂ ಕಾಣಲಿಲ್ಲ. ನಾರ್ಮಲ್ ಅಂತ ಬರೆದು ಕೊಟ್ಟೆ. ದಮ್ಮಿಗೆ ಸ್ಟೆರಾಯ್ಡ್ ಮಾತ್ರೆ ಶುರುವಾಯಿತು. ಕೆಲವೇ ವಾರಕ್ಕೆ ವಾಂತಿ, ಭೇದಿ, ಎದ್ದು ಕೂರಲಾಗದಷ್ಟು ಸುಸ್ತು. ಈ ಸಲದ ಮಲದಲ್ಲಿ ಸಣ್ಣ ಮರಿಹುಳುಗಳು ಹರಿದಾಡುತ್ತಿದ್ದವು. ಅದು ಸ್ಟ್ರಾಂಜಿಲಾಯ್ಡಿಸ್ ಎಂಬ ಕರುಳಿನ ಹುಳು. ಐವರ್ಮೆಕ್ಟಿನ್ ಕೊಟ್ಟ ಮೇಲೆ ಮುತ್ಯಾ ಉಳಿದರು. ನನಗೆ ಮಾತ್ರ ಹಲವು ರಾತ್ರಿ ನಿದ್ದೆ ಬರಲಿಲ್ಲ.

ಈ ಹುಳು ಮೈಯೊಳಗೇ ಮತ್ತೆ ಮತ್ತೆ ಹುಟ್ಟುತ್ತಾ ಹತ್ತಾರು ವರ್ಷ ಉಳಿಯುತ್ತದೆ. ದೇಹದ ರಕ್ಷಣಾ ಶಕ್ತಿ ಅದನ್ನು ಕೊಲ್ಲದಿದ್ದರೂ ಅದುಮಿ ಇಟ್ಟಿರುತ್ತದೆ. ವಯಸ್ಸಾದಂತೆ ಆ ಹಿಡಿತ ಸಡಿಲವಾಗುತ್ತದೆ, ಇಸಿನೊಫಿಲ್ ಏರಲೇಬೇಕೆಂದಿಲ್ಲ. ಅದರ ಮೇಲೆ ಸ್ಟೆರಾಯ್ಡ್ ಬಿದ್ದರೆ ತಡೆಯೇ ಇಲ್ಲ.

ಅವತ್ತಿನಿಂದ ಒಂದೇ ಅಂಕಿಯನ್ನು ಎಲ್ಲರಿಗೂ ಒಂದೇ ರೀತಿ ಓದುವುದನ್ನು ಬಿಟ್ಟೆ. ಎಂಟು ವರ್ಷದ ಹುಡುಗನಿಗೆ ಇಸಿನೊಫಿಲ್ ನೂರಕ್ಕೆ 15 ಇದ್ದರೆ ಮೊದಲು ಜಂತುಹುಳುವಿನ ಮೊಟ್ಟೆ ಹುಡುಕುತ್ತೇನೆ. ಜಂತು ಜಾಸ್ತಿ ತುಂಬಿಕೊಳ್ಳುವುದು ಶಾಲೆಗೆ ಹೋಗುವ ವಯಸ್ಸಿನಲ್ಲೇ. ದೊಡ್ಡವರಲ್ಲಿ ಕಡಿಮೆ. ಮಣ್ಣಿನ ಆಟ ನಿಲ್ಲುವುದು ಒಂದು ಕಾರಣ, ದೇಹ ನಿಧಾನಕ್ಕೆ ಹುಳುವನ್ನು ಗುರುತಿಸಲು ಕಲಿಯುವುದು ಇನ್ನೊಂದು. ಕೊಕ್ಕೆಹುಳು ಹಾಗಲ್ಲ, ಹೊಲದಲ್ಲಿ ದುಡಿಯುವ ದೊಡ್ಡವರನ್ನೂ ಬಿಡುವುದಿಲ್ಲ. ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆಯನ್ನು ದಯವಿಟ್ಟು ತಪ್ಪಿಸಬೇಡಿ. ಒಂದರಿಂದ ಎರಡು ವರ್ಷದೊಳಗಿನ ಮಗುವಿಗೆ ಅರ್ಧ ಮಾತ್ರೆ.

ಇಪ್ಪತ್ತೈದು ಮೂವತ್ತರ ಹುಡುಗ ರಾತ್ರಿಯೆಲ್ಲಾ ಕೆಮ್ಮುತ್ತಾ ಬಂದರೆ ನನ್ನ ಯೋಚನೆ ಬೇರೆ ಕಡೆ ಹೋಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ರೋಗ ಕಂಡ ಜಿಲ್ಲೆಗಳು. ಆ ರೋಗ ತರುವ ಹುಳುವಿನ ಮೇಲೆ ದೇಹ ಅತಿಯಾಗಿ ಸಿಟ್ಟಾದರೆ ಇಸಿನೊಫಿಲ್ ಒಂದು ಮೈಕ್ರೋಲೀಟರಿಗೆ 3000 ದಾಟುತ್ತದೆ, ಹುಳು, ಅಲರ್ಜಿಗೆ ದೇಹ ತಯಾರಿಸುವ ಐಜಿಇ ಎಂಬ ಪ್ರತಿಕಾಯ ಕೂಡ ಸಿಕ್ಕಾಪಟ್ಟೆ ಏರುತ್ತದೆ. ಆದರೆ ರಕ್ತದಲ್ಲಿ ಮರಿಹುಳು ಸಾಮಾನ್ಯವಾಗಿ ಸಿಗುವುದೇ ಇಲ್ಲ! ಮರಿಹುಳು ತುಂಬಿಕೊಂಡವರು ಎಷ್ಟೋ ಸಲ ಆರಾಮಾಗಿ ಓಡಾಡುತ್ತಿರುತ್ತಾರೆ. ಹಾಗಾಗಿ 'ಹುಳು ಕಾಣಲಿಲ್ಲ' ಎಂದು ಬರೆದು ಕೈತೊಳೆದುಕೊಳ್ಳುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇನೆ. ಆನೆಕಾಲು ಹುಳುವಿಗೆ ಕೊಡುವ ಡಿಇಸಿ ಮಾತ್ರೆ ಮೂರು ವಾರ ತೆಗೆದುಕೊಂಡರೆ ಕೆಮ್ಮು ಇಳಿಯುತ್ತದೆ. ಇದನ್ನು ಬರೀ ದಮ್ಮು ಅಂದುಕೊಂಡು ವರ್ಷಗಟ್ಟಲೆ ಪಂಪ್ ಸೇದುವವರನ್ನು ಕಂಡರೆ ಸಂಕಟವಾಗುತ್ತದೆ.

ಅಲರ್ಜಿಯಲ್ಲೂ ವಯಸ್ಸಿನದೇ ಆಟ. ಐಜಿಇ ಚಿಕ್ಕಂದಿನಿಂದ ಏರುತ್ತಾ ಹತ್ತು ಹದಿನೈದರ ಹೊತ್ತಿಗೆ ಮೇಲಿರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ವಯಸ್ಸಾದವರಿಗೆ ಚರ್ಮಕ್ಕೆ ಚುಚ್ಚಿ ಅಲರ್ಜಿ ನೋಡಿದರೆ ಗಂಧೆಯೂ ಚಿಕ್ಕದಾಗಿ ಏಳುತ್ತದೆ. ಅಷ್ಟಕ್ಕೇ ಅಲರ್ಜಿ ಇಲ್ಲ ಅನ್ನಲಾಗದು. ಇನ್ನು ಕಾಂಗ್ರೆಸ್ ಕಸದ ತುರಿಕೆ. ಮುಖ, ಕತ್ತು, ಮೊಣಕೈ ಮಡಿಕೆ ಕಪ್ಪಾಗಿ ದಪ್ಪಗಾದ ರೈತರು ಐಜಿಇ ಮಾಡಿಸಲು ಬರುತ್ತಾರೆ. ವರ್ಷಗಟ್ಟಲೆ ಆ ಗಿಡದ ಜೊತೆ ದುಡಿದ ಮೇಲೆ ಬರುವ ಈ ತುರಿಕೆಯಲ್ಲಿ ಮುಖ್ಯ ಕೆಲಸ ಐಜಿಇಯದ್ದಲ್ಲ, ಟಿ ಜೀವಕೋಶ ಎಂಬ ರಕ್ಷಣಾ ಕಣಗಳದ್ದು. ಬೆನ್ನಿಗೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಬೇಕು. ಹಾಗೆ ಹೇಳಿ ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ.

ಐವತ್ತು ದಾಟಿದವರಿಗೆ ಸ್ಟೆರಾಯ್ಡ್ ಶುರುವಾಗಲಿದೆ ಎಂದು ಗೊತ್ತಾದರೆ ಮೂರು ದಿನದ ಮಲ ಕೇಳುತ್ತೇನೆ. ಅದೂ ತಾಜಾ ಇರಬೇಕು. ಒಂದು ದಿನ ಹಾಗೇ ಇಟ್ಟರೆ ಕೊಕ್ಕೆಹುಳುವಿನ ಮೊಟ್ಟೆಯೂ ಒಡೆದು ಮರಿಯಾಗುತ್ತದೆ, ಯಾವ ಹುಳು ಅನ್ನುವುದೇ ಗೊಂದಲ. "ಒಮ್ಮೆ ಕೊಟ್ರ ಸಾಲಂಗಿಲ್ಲೇನ್ರಿ?" ಅಂತ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ಮೊದಲೆರಡು ದಿನ ಏನೂ ಸಿಗದೆ ಮೂರನೇ ಡಬ್ಬಿಯಲ್ಲಿ ಮರಿಹುಳು ಸಿಕ್ಕದ್ದು ನನಗೆ ಈಗಾಗಲೇ ಎರಡು ಸಲ ಆಗಿದೆ.