ಮನೆ ಹಿಂದಿನ ಬರೆಗೆ ಹೊದಿಸಿದ ಕಡಲೆ ಬಳ್ಳಿ

ಕೊಡಗಿನಲ್ಲಿ ಮನೆ ಕಟ್ಟಲು ಗುಡ್ಡ ಕಡಿದು ಜಾಗ ಸಮ ಮಾಡಿದಾಗ ಹಿಂದೆ ಉಳಿಯುವ ಮಣ್ಣಿನ ಗೋಡೆಯನ್ನು ನಾವು ಬರೆ ಅನ್ನುತ್ತೇವೆ. ಮಾದಾಪುರದ ಹತ್ತಿರ ನಮ್ಮ ಮನೆಯ ಹಿಂದೆಯೂ ಅಂಥದ್ದೊಂದು ಬರೆ, ಅದರ ಮೇಲೆ ಇಳಿಜಾರು. ಮಳೆಗಾಲದಲ್ಲಿ ಆ ಇಳಿಜಾರಿನ ಕೆಂಪು ಮಣ್ಣು ಕರಗಿ ಚರಂಡಿ ತುಂಬುತ್ತಿತ್ತು. ಫೆಬ್ರವರಿ ಬಂತೆಂದರೆ ಅದೇ ಮಣ್ಣು ಧೂಳೆದ್ದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡ ಮೇಲೆ ಬರಿ ಮಣ್ಣನ್ನು ಹಾಗೇ ಬಿಡಲು ಮನಸ್ಸು ಒಪ್ಪಲಿಲ್ಲ.

ಮೊದಲು ನೆಟ್ಟಿದ್ದು ವೆಡೇಲಿಯಾ ಎಂಬ ನೆಲಕ್ಕೆ ಹರಡುವ ಬಳ್ಳಿ. ಎರಡೇ ವರ್ಷದಲ್ಲಿ ಬೇಲಿ ದಾಟಿ ಕಾಫಿ ತೋಟಕ್ಕೆ ನುಗ್ಗಿತು. ಕಿತ್ತು ಎಸೆದ ತುಂಡೂ ಬಿದ್ದಲ್ಲೇ ಬೇರು ಬಿಟ್ಟಿತು. ತೋಟ ಇರುವವರು ದಯವಿಟ್ಟು ಅದರ ಸಹವಾಸಕ್ಕೆ ಹೋಗಬೇಡಿ.

ಆಮೇಲೆ ತಂದದ್ದು ಪಿಂಟೋ ಕಡಲೆ. ನರ್ಸರಿಗಳಲ್ಲಿ ಅರಾಕಿಸ್ ಅಂತ ಕೇಳಿದರೆ ಕೊಡುತ್ತಾರೆ. ಬ್ರೆಜಿಲ್ ಮೂಲದ ಗಿಡ. 1954ರಲ್ಲಿ ಅಲ್ಲಿ ಇದನ್ನು ಸಂಗ್ರಹಿಸಿದ ಪಿಂಟೋ ಎಂಬುವರ ಹೆಸರೇ ಇದಕ್ಕೂ ಉಳಿದಿದೆ. ತೋಟದ ಕೆಲಸಕ್ಕೆ ಬರುವ ಹುಡುಗಿ ನೋಡಿದ ಕೂಡಲೇ, "ಅಕ್ಕ, ಇದು ಕಡಲೆಕಾಯಿ ಗಿಡ ಅಲ್ವಾ?" ಅಂದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ, ಅದೇ ಜಾತಿಗೆ ಸೇರಿದ್ದು. ಅದೇ ನಾಲ್ಕು ಎಲೆಗಳ ಜೋಡಣೆ, ಅದೇ ಹಳದಿ ಹೂ. ಇದು ಮಾತ್ರ ವರ್ಷಗಟ್ಟಲೆ ಬದುಕಿ ನೆಲಕ್ಕಂಟಿ ಹರಡುತ್ತದೆ.

ಮೊದಲ ಸಲ ಜೂನ್‌ನಲ್ಲಿ ನೆಟ್ಟೆ. ಬೇರು ಹಿಡಿಯುವ ಮೊದಲೇ ಮಳೆ ಜೋರಾಯಿತು. ಮುಕ್ಕಾಲು ಪಾಲು ತುಂಡುಗಳು ಮಣ್ಣಿನ ಜೊತೆಗೇ ಕೊಚ್ಚಿಹೋದವು, ಉಳಿದವು ಕೊಳೆತವು. ಮರುವರ್ಷ ಕೈಲ್ ಪೊಳ್ದ್ ಹಬ್ಬ ಮುಗಿಯುವವರೆಗೆ ಕಾದೆ. ಸೆಪ್ಟೆಂಬರ್‌ನಲ್ಲಿ ಮಳೆಯ ಆರ್ಭಟ ಇಳಿದಿರುತ್ತದೆ, ಮಣ್ಣಿನಲ್ಲಿ ತೇವ ಇನ್ನೂ ಇರುತ್ತದೆ. ಮೂರು ನಾಲ್ಕು ಗೆಣ್ಣಿರುವ ಗೇಣುದ್ದದ ತುಂಡುಗಳನ್ನು ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ, ಒಂದಡಿಗೆ ಒಂದರಂತೆ ಇಳಿಜಾರಿಗೆ ಅಡ್ಡಡ್ಡ ಸಾಲಿನಲ್ಲಿ ನೆಟ್ಟೆ. ಮೇಲಿನ ಸಾಲಿನ ಗಿಡ ಕೆಳಗಿನ ಸಾಲಿನ ಎರಡು ಗಿಡಗಳ ನಡುವೆ ಬರಬೇಕು, ಆಗ ನೀರು ನೇರ ಹರಿದು ಕೊರೆಯುವುದಿಲ್ಲ. ಗುಂಡಿಗೊಂದು ಹಿಡಿ ಹಳೇ ಸಗಣಿ ಗೊಬ್ಬರ, ಮೇಲೆ ಹಾಲುವಾಣದ ಒಣ ಎಲೆ. ಅಷ್ಟೇ.

ನಿಜವಾದ ದುಡಿಮೆ ಆಮೇಲಿನ ನಾಲ್ಕು ತಿಂಗಳು. ಬಳ್ಳಿ ಮೊದಮೊದಲು ತುಂಬಾ ನಿಧಾನ, ಕಳೆ ಅದಕ್ಕಿಂತ ಚುರುಕು. ಹದಿನೈದು ದಿನಕ್ಕೊಮ್ಮೆ ಕೂತು ಕೈಯಿಂದಲೇ ಕಿತ್ತೆ. ಮೊದಲ ಬೇಸಿಗೆಗೆ ಹತ್ತು ದಿನಕ್ಕೊಮ್ಮೆ ನೀರು ಕೊಟ್ಟೆ, ಆಮೇಲಿನ ಬೇಸಿಗೆಗಳಲ್ಲಿ ಒಂದು ಬಿಂದಿಗೆಯನ್ನೂ ಹಾಕಿಲ್ಲ. ಪಡುವಣ ಬಿಸಿಲು ಬೀಳುವ ಮೂಲೆಯಲ್ಲಿ ಮಾರ್ಚ್ ಹೊತ್ತಿಗೆ ಎಲೆ ಹಳದಿಯಾಗಿ ಒಂದಿಷ್ಟು ಉದುರುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಎಂಟು ಹತ್ತು ದಿನ ಕಳೆದರೆ ಅಲ್ಲಿಯೂ ಚಿಗುರು.

ಒಮ್ಮೆ ಒಂದು ಬಳ್ಳಿ ಕಿತ್ತು ಬೇರು ತೊಳೆದು ನೋಡಿದೆ. ಸಾಸಿವೆಗಾತ್ರದ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ ಕೆಲಸದಲ್ಲಿದೆ ಎನ್ನುವುದಕ್ಕೆ ಆ ಬಣ್ಣವೇ ಗುರುತು. ಯೂರಿಯಾ ಹಾಕುವ ಯೋಚನೆಯನ್ನೇ ಬಿಟ್ಟೆ. ಸಂಜೆಯಾದರೆ ಎಲೆಗಳೆಲ್ಲ ಕೈಮುಗಿದಂತೆ ಮಡಚಿಕೊಳ್ಳುತ್ತವೆ. ದೀಪ ಹಚ್ಚಿ ಹಿತ್ತಲಿಗೆ ಬಂದಾಗ ನನಗೆ ಅದನ್ನು ನೋಡದೆ ಒಳಗೆ ಹೋಗಲಾಗುವುದಿಲ್ಲ.

ಎರಡು ವಿಷಯ ಖಂಡಿತ ನೆನಪಿಡಿ. ಇದರ ಬೇರು ಮೇಲ್ಮಣ್ಣು ಹಿಡಿಯುತ್ತದೆಯೇ ಹೊರತು ಬರೆ ಕುಸಿಯುವುದನ್ನು ತಡೆಯುವುದಿಲ್ಲ. ನೀರು ಹೋಗಲು ಮೇಲುಗಡೆ ಕಾಲುವೆ ಬೇಕೇ ಬೇಕು, ಅಂಚಿಗೆ ನಾನು ಲಾವಂಚವನ್ನೂ ನೆಟ್ಟಿದ್ದೇನೆ. ಇನ್ನೊಂದು, ಇದನ್ನು ಕಾಫಿ ಗಿಡದ ಬುಡಕ್ಕೆ ಬಿಡಬೇಡಿ. ಉದುರಿದ ಹಣ್ಣು ಬಳ್ಳಿಯೊಳಗೆ ಸೇರಿದರೆ ಆರಿಸಲಾಗುವುದಿಲ್ಲ, ಕಾಯಿಕೊರಕ ಹುಳ ಅದರಲ್ಲೇ ಉಳಿದು ಮುಂದಿನ ಫಸಲಿಗೆ ಏರುತ್ತದೆ. ನಮ್ಮಲ್ಲಿ ತೋಟದ ಕಡೆಗೆ ಒಂದು ಗುದ್ದಲಿ ಅಗಲದ ಬರಿ ನೆಲ ಬಿಟ್ಟು, ಅಲ್ಲಿಗೆ ಚಾಚಿದ ಬಳ್ಳಿಯನ್ನು ತಿಂಗಳಿಗೊಮ್ಮೆ ಕೊಯ್ಯುತ್ತೇನೆ. ಕೊಯ್ದದ್ದನ್ನು ಹಸು ಒಂದೆಳೆ ಬಿಡದೆ ತಿನ್ನುತ್ತದೆ.